ನೆಲದಡಿಯಲ್ಲಿ ಬೇರೂರುವ ಕಳೆ: ಗ್ರೌಂಡ್ ಎಲ್ಡರ್ ನಮಗೆ ಕಲಿಸುವ ಪಾಠ

"ಹೊಲವನ್ನು ಎರಡು ಸಲ ಉತ್ತೆ. ಮೇಲೆ ರೋಟವೇಟರ್ ಹೊಡೆಸಿದೆ. ಆದರೂ ಕೊನ್ನಾರಿ ಮೊದಲಿಗಿಂತ ಹೆಚ್ಚಾಗಿ ಎದ್ದಿದೆ. ಯಾಕೆ ಸ್ವಾಮಿ?" ಈ ಪ್ರಶ್ನೆಯನ್ನು ರೈತರ ಬಾಯಿಂದ ಕೇಳದ ಬೇಸಾಯ ವಿಜ್ಞಾನಿ ಇರಲಾರ. ಹಣ ಖರ್ಚು ಮಾಡಿ, ಶ್ರಮಪಟ್ಟು, ಕಡೆಗೆ ಕಳೆಯನ್ನೇ ಬಿತ್ತಿದಂತಾಯಿತು ಎಂದು ರೈತರು ಕೈಚೆಲ್ಲುವುದುಂಟು. ಹಾಗೆ ಹೇಳುವವರ ಮಾತು ಉತ್ಪ್ರೇಕ್ಷೆಯೇನಲ್ಲ. ಕೆಲವು ಕಳೆಗಳ ವಿಷಯದಲ್ಲಿ ತಪ್ಪು ಸಮಯದ ಉಳುಮೆ ನಿಜವಾಗಿಯೂ ಬಿತ್ತನೆಯೇ ಆಗಿಬಿಡುತ್ತದೆ.

ಇದು ಹೇಗೆ ಎಂಬುದನ್ನು ತಿಳಿಯಲು ದೂರದ ಯೂರೋಪಿನ ಮನೆದೋಟಗಳಲ್ಲಿ ನೂರಾರು ವರ್ಷಗಳಿಂದ ಜನರನ್ನು ಕಾಡುತ್ತಿರುವ ಒಂದು ಕಳೆಯ ಕಥೆ ಬಹಳ ಉಪಯುಕ್ತವಾಗಿದೆ. ಅದರ ಹೆಸರು ಗ್ರೌಂಡ್ ಎಲ್ಡರ್. ಇದು ನಮ್ಮ ರಾಜ್ಯದ ಹೊಲಗಳಲ್ಲಿ ಸಮಸ್ಯೆಯಾಗಿರುವ ಕಳೆಯಲ್ಲ. ಹಾಗಿದ್ದರೂ ಅದು ಬದುಕುವ ರೀತಿ, ಹಬ್ಬುವ ರೀತಿ ಮತ್ತು ಅದನ್ನು ತೆಗೆಯಲು ಅಲ್ಲಿನ ಜನ ಮಾಡಿದ ತಪ್ಪು ಒಪ್ಪುಗಳನ್ನು ಅರಿತರೆ ನಮ್ಮ ಕೊನ್ನಾರಿ, ಗರಿಕೆ, ದರ್ಭೆಗಳನ್ನು ಹತೋಟಿಗೆ ತರುವ ಉಪಾಯ ತಾನಾಗಿಯೇ ಹೊಳೆಯುತ್ತದೆ.

ಕೊತ್ತಂಬರಿಯ ಬಳಗದ ಗಿಡ

ಗ್ರೌಂಡ್ ಎಲ್ಡರ್‌ನ ಸಸ್ಯಶಾಸ್ತ್ರೀಯ ಹೆಸರು ಏಗೋಪೋಡಿಯಂ ಪೊಡಾಗ್ರೇರಿಯ. ಸ್ವೀಡನ್ ದೇಶದ ಲಿನೇಯಸ್ ೧೭೫೩ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದಕ್ಕೆ ಈ ಹೆಸರಿಟ್ಟನು. ನಮ್ಮ ಅಡುಗೆಮನೆಯ ಕೊತ್ತಂಬರಿ, ಜೀರಿಗೆ, ಓಮ, ಸೋಂಪು, ಸಬ್ಬಸಿಗೆ, ಇಂಗು, ಕ್ಯಾರೆಟ್ ಎಲ್ಲವೂ ಸೇರಿರುವ ಕುಟುಂಬಕ್ಕೆ ಇದೂ ಸೇರಿದೆ. ಗದ್ದೆಯ ಬದುವಿನಲ್ಲಿ ಹರಡುವ ಒಂದೆಲಗವೂ ಇದೇ ಬಳಗದ್ದು. ಈ ಕುಟುಂಬದ ಹೆಚ್ಚಿನ ಗಿಡಗಳ ಗುರುತು ಹೂವಿನಲ್ಲಿದೆ. ಒಂದೇ ಬಿಂದುವಿನಿಂದ ಕಡ್ಡಿಗಳು ಹೊರಟು, ಅವುಗಳ ತುದಿಯಲ್ಲಿ ಸಣ್ಣ ಸಣ್ಣ ಹೂಗಳು ಬಿಡಿಸಿದ ಛತ್ರಿಯಂತೆ ಹರಡಿರುತ್ತವೆ. ಹೂ ಬಿಟ್ಟ ಕೊತ್ತಂಬರಿ ಅಥವಾ ಸಬ್ಬಸಿಗೆಯ ಮಡಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗ್ರೌಂಡ್ ಎಲ್ಡರ್ ಹೂ ಬಿಟ್ಟಾಗ ಸುಮಾರು ಒಂದು ಮೀಟರಿನವರೆಗೆ ಎತ್ತರವಾಗುತ್ತದೆ. ಹೂಗಳು ಬಿಳಿ. ಅಲ್ಲಿನ ಬೇಸಿಗೆಯ ತಿಂಗಳುಗಳಾದ ಜೂನ್, ಜುಲೈಗಳಲ್ಲಿ ಅವು ಅರಳುತ್ತವೆ. ಬುಡದ ಎಲೆಗಳು ಮೂರು ಮೂರು ಭಾಗಗಳಾಗಿ ಒಡೆದಿದ್ದು ಅಂಚು ಗರಗಸದಂತಿರುತ್ತದೆ. ಹಿಮಗಾಲದಲ್ಲಿ ನೆಲದ ಮೇಲಿನ ಭಾಗವೆಲ್ಲ ಸತ್ತು ಮರೆಯಾಗುತ್ತದೆ. ಗಿಡ ಹೋಯಿತೆಂದು ಮನೆಯವರು ಸಮಾಧಾನಪಟ್ಟರೆ ವಸಂತ ಬರುತ್ತಲೇ ಅದೇ ಜಾಗದಲ್ಲಿ, ಇನ್ನಷ್ಟು ಅಗಲಕ್ಕೆ ಚಿಗುರೇಳುತ್ತದೆ.

ಹೆಸರಿನ ವಿಷಯದಲ್ಲಿ ಇಲ್ಲೊಂದು ಎಚ್ಚರಿಕೆ ಅಗತ್ಯ. ಈ ಗಿಡಕ್ಕೆ ಇಂಗ್ಲಿಷಿನಲ್ಲಿ ಬಿಷಪ್ಸ್ ವೀಡ್ ಎಂಬ ಇನ್ನೊಂದು ಹೆಸರಿದೆ. ನಮ್ಮ ದೇಶದ ಪುಸ್ತಕಗಳಲ್ಲಿ ಅದೇ ಹೆಸರನ್ನು ಓಮಕ್ಕೆ ಬಳಸುತ್ತಾರೆ. ಓಮ ವರ್ಷದೊಳಗೆ ಬೆಳೆದು, ಕಾಳು ಕಟ್ಟಿ, ಸಾಯುವ ಒಳ್ಳೆಯ ಬೆಳೆ. ಗ್ರೌಂಡ್ ಎಲ್ಡರ್ ವರ್ಷಾನುಗಟ್ಟಲೆ ನೆಲದಡಿಯಲ್ಲಿ ಬದುಕುವ ಕಳೆ. ಹೆಸರೊಂದೇ, ಗಿಡ ಎರಡು. ಆದ್ದರಿಂದ ಬೀಜವನ್ನಾಗಲಿ ಸಸಿಯನ್ನಾಗಲಿ ತರಿಸುವಾಗ ರೂಢಿಯ ಹೆಸರನ್ನಷ್ಟೇ ನಂಬದೆ ಶಾಸ್ತ್ರೀಯ ಹೆಸರನ್ನು ಕೇಳಿ ತಿಳಿಯುವುದು ಒಳ್ಳೆಯದು.

ಮದ್ದೆಂದು ತಂದದ್ದು ಮಾರಿಯಾಯಿತು

ಈ ಗಿಡದ ತವರು ಯೂರೋಪ್ ಖಂಡದ ಬಹುಭಾಗ ಮತ್ತು ಅದಕ್ಕೆ ಹೊಂದಿಕೊಂಡ ಏಷ್ಯಾದ ಪ್ರದೇಶ. ಇಂಗ್ಲೆಂಡಿಗೆ ಇದನ್ನು ರೋಮನ್ನರು ಸೊಪ್ಪಿನ ಗಿಡವಾಗಿ ತಂದರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಮಧ್ಯಯುಗದಲ್ಲಿ ಕ್ರೈಸ್ತ ಸಂನ್ಯಾಸಿಗಳು ತಮ್ಮ ಮಠಗಳ ತೋಟಗಳಲ್ಲಿ ಇದನ್ನು ಬೆಳೆಸುತ್ತಿದ್ದರು. ಕಾಲಿನ ಹೆಬ್ಬೆರಳ ಕೀಲು ಊದಿ ಸಹಿಸಲಾಗದ ನೋವು ಕೊಡುವ ಗೌಟ್ ಎಂಬ ಕೀಲುನೋವಿಗೆ ಇದು ಮದ್ದೆಂದು ಆಗಿನವರು ನಂಬಿದ್ದರು. ಗಿಡದ ಹೆಸರಿನ ಎರಡನೆಯ ಭಾಗವಾದ ಪೊಡಾಗ್ರೇರಿಯ ಎಂಬುದು ಆ ರೋಗದ ಹಳೆಯ ಹೆಸರಿನಿಂದಲೇ ಬಂದಿದೆ.

ಇದರ ಎಳೆಯ ಎಲೆಗಳನ್ನು ಬೇಯಿಸಿ ತಿನ್ನುವ ರೂಢಿ ಜರ್ಮನಿ, ರಷ್ಯಾ ಮುಂತಾದ ಕಡೆ ಇದೆ. ಹಿಮ ಕರಗಿದ ಮೇಲೆ ಮೊದಲು ಚಿಗುರುವ ಹಸಿರು ಸೊಪ್ಪುಗಳಲ್ಲಿ ಇದೂ ಒಂದಾದ್ದರಿಂದ ಬಡವರ ಮನೆಯಲ್ಲಿ ಇದಕ್ಕೆ ಬೆಲೆಯಿತ್ತು. ಆದರೆ ಇದೇ ಕುಟುಂಬದಲ್ಲಿ ಹೆಮ್ಲಾಕ್ ಎಂಬ ಪ್ರಾಣಾಂತಿಕ ವಿಷದ ಗಿಡವೂ ಇದೆ. ಅದಕ್ಕೂ ಇಂತಹದೇ ಬಿಳಿಯ ಛತ್ರಿ ಹೂವು. ಕೊತ್ತಂಬರಿಯಂತೆ ಕಾಣುವುದೆಲ್ಲ ಕೊತ್ತಂಬರಿಯಲ್ಲ. ಗುರುತು ಖಚಿತವಾಗದ ಸೊಪ್ಪನ್ನು ಎಲ್ಲಿಯೂ ಬಾಯಿಗಿಡಬಾರದು.

ಹೀಗೆ ಮದ್ದಿಗೂ ಸಾರಿಗೂ ಆಗುತ್ತದೆಂದು ತಂದ ಗಿಡ ಅತಿ ಬೇಗ ತೋಟದ ಒಡೆತನವನ್ನೇ ಕಸಿದುಕೊಂಡಿತು. ೧೫೯೭ರಲ್ಲಿ ಇಂಗ್ಲೆಂಡಿನ ಜಾನ್ ಜೆರಾರ್ಡ್ ಪ್ರಕಟಿಸಿದ ಸಸ್ಯಗ್ರಂಥದಲ್ಲಿಯೇ ಈ ದೂರು ದಾಖಲಾಗಿದೆ. ಬಿತ್ತದೆ ನೆಡದೆ ತಾನಾಗಿ ಬೆಳೆಯುವ ಈ ಗಿಡ ಒಮ್ಮೆ ಬೇರೂರಿತೆಂದರೆ ಅದನ್ನು ಕೀಳುವುದು ಕಷ್ಟವೆಂದೂ, ವರ್ಷದಿಂದ ವರ್ಷಕ್ಕೆ ಹೆಚ್ಚು ನೆಲವನ್ನು ಆಕ್ರಮಿಸಿ ಒಳ್ಳೆಯ ಗಿಡಗಳನ್ನು ಕಾಡುತ್ತದೆಂದೂ ಅವನು ಬರೆದಿದ್ದಾನೆ. ನಾಲ್ಕು ನೂರು ವರ್ಷಗಳಿಗೂ ಹಿಂದಿನ ಮಾತು ಇಂದಿಗೂ ಅಕ್ಷರಶಃ ನಿಜವಾಗಿದೆ.

ಇಷ್ಟೆಲ್ಲ ತಿಳಿದಿದ್ದರೂ ಮನುಷ್ಯನು ಎರಡನೆಯ ಬಾರಿಯೂ ಅದೇ ತಪ್ಪನ್ನು ಮಾಡಿದನು. ಎಲೆಯ ಅಂಚಿನಲ್ಲಿ ಬಿಳಿಯ ಪಟ್ಟೆಯಿರುವ ಇದರ ಒಂದು ತಳಿ ನೋಡಲು ಅಂದವಾಗಿದೆ. ಮರದ ನೆರಳಿನಲ್ಲಿ ಬೇರೇನೂ ಬೆಳೆಯದ ಕಡೆ ನೆಲವನ್ನು ಮುಚ್ಚಲು ಅನುಕೂಲವೆಂದು ಅದನ್ನು ನರ್ಸರಿಗಳಲ್ಲಿ ಮಾರಿದರು. ಉತ್ತರ ಅಮೆರಿಕಕ್ಕೂ ೧೯ನೆಯ ಶತಮಾನದಲ್ಲಿ ಅಲಂಕಾರದ ಗಿಡವಾಗಿಯೇ ಇದು ಕಾಲಿಟ್ಟಿತು. ಅಲ್ಲಿ ತೋಟದ ಬೇಲಿ ದಾಟಿ, ಕಾಡಿನ ಅಂಚಿಗೂ ಹೊಳೆಯ ದಡಕ್ಕೂ ಹಬ್ಬಿ, ದಟ್ಟವಾದ ಹಾಸಿಗೆಯಂತೆ ನೆಲವನ್ನು ಮುಚ್ಚಿ, ಕಾಡುಮರಗಳ ಸಸಿಗಳು ಏಳದಂತೆ ಮಾಡಿತು. ಇದರ ಫಲವಾಗಿ ವರ್ಮಾಂಟ್, ಮ್ಯಾಸಚೂಸೆಟ್ಸ್ ಮುಂತಾದ ರಾಜ್ಯಗಳು ಇದರ ಮಾರಾಟವನ್ನು ನಿಷೇಧಿಸಬೇಕಾಯಿತು.

ನಾವೂ ಇದನ್ನು ಕೇಳಿ ನಗುವಂತಿಲ್ಲ. ಇಂದು ನಮ್ಮ ಕಾಡು, ಗೋಮಾಳಗಳನ್ನು ನುಂಗಿರುವ ಲಂಟಾನ ೧೯ನೆಯ ಶತಮಾನದ ಆರಂಭದಲ್ಲಿ ಕಲಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿಯೇ ಬಂದದ್ದು. ಕೆರೆಗಳನ್ನು ಮುಚ್ಚಿರುವ, ನೀಲಿ ಹೂವಿನ ಅಂತರಗಂಗೆಯೂ ಚೆಂದದ ಹೂವೆಂದೇ ಹೊರನಾಡಿನಿಂದ ತರಲ್ಪಟ್ಟಿತು.

ಗಿಡದ ಗುಟ್ಟು ನೆಲದ ಕೆಳಗಿದೆ

ಗ್ರೌಂಡ್ ಎಲ್ಡರ್ ಬೀಜವನ್ನೂ ಬಿಡುತ್ತದೆ. ಆದರೆ ಅದರ ಶಕ್ತಿ ಬೀಜದಲ್ಲಿಲ್ಲ. ಬೀಜ ಮೊಳೆಯಲು ಚಳಿಗಾಲದ ತಂಪು ಬೇಕು, ಮೊಳೆತ ಸಸಿಗಳಲ್ಲಿ ದಟ್ಟ ನೆರಳಿನ ಕೆಳಗೆ ಉಳಿಯುವವು ಬಹಳ ಕಡಿಮೆ. ಅದು ಹಬ್ಬುವುದು ಮುಖ್ಯವಾಗಿ ನೆಲದಡಿಯ ಕಾಂಡಗಳಿಂದ.

ಇವನ್ನು ಜನ ಬೇರು ಎನ್ನುತ್ತಾರೆ. ನಿಜವಾಗಿ ಅವು ಬೇರುಗಳಲ್ಲ. ನಮ್ಮ ಶುಂಠಿ, ಅರಿಶಿಣಗಳಂತೆ ನೆಲದೊಳಗೆ ಅಡ್ಡಲಾಗಿ ಬೆಳೆಯುವ ಕಾಂಡಗಳು. ಶುಂಠಿಯ ಕೊನೆ ದಪ್ಪ, ಇದರದು ಬಿಳಿಯ ದಾರದಂತೆ ಸಣ್ಣ. ವ್ಯತ್ಯಾಸ ಅಷ್ಟೇ. ಕಾಂಡ ಎಂದಮೇಲೆ ಅದರಲ್ಲಿ ಗೆಣ್ಣುಗಳಿರುತ್ತವೆ. ಗೆಣ್ಣಿನಲ್ಲಿ ಮೊಗ್ಗು ಇರುತ್ತದೆ. ಮೊಗ್ಗಿನಿಂದ ಚಿಗುರು ಬರುತ್ತದೆ. ಕಬ್ಬಿನ ತುಂಡಿನಿಂದ ಕಬ್ಬು ಹುಟ್ಟುವುದು, ಸಂತೆಯಿಂದ ತಂದ ಪುದೀನದ ಕಡ್ಡಿಯನ್ನು ಹಿತ್ತಲಲ್ಲಿ ಚುಚ್ಚಿದರೆ ಪಾತಿಯೇ ತುಂಬುವುದು ಇದೇ ಕಾರಣಕ್ಕೆ.

ಈ ಬಿಳಿಯ ಕಾಂಡಗಳು ಬಹಳ ಪೆಡಸು. ಹಿಡಿದು ಎಳೆದರೆ ಲಟಕ್ಕನೆ ಮುರಿಯುತ್ತವೆ. ಕೈಗೆ ಒಂದು ತುಂಡು ಬಂದರೆ ನೆಲದಲ್ಲಿ ನಾಲ್ಕು ತುಂಡು ಉಳಿಯುತ್ತದೆ. ಉಳಿದ ತುಂಡಿನಲ್ಲಿ ಒಂದು ಗೆಣ್ಣಿದ್ದರೂ ಸಾಕು, ಅದು ಹೊಸ ಗಿಡವಾಗುತ್ತದೆ. ಹೀಗೆ ಮುರಿಯುವುದು ಗಿಡದ ದೌರ್ಬಲ್ಯದಂತೆ ಕಂಡರೂ ಅದರ ಬದುಕಿನ ಉಪಾಯವೇ ಅದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾಂಡ ಉದ್ದವಾಗಿ ಅಖಂಡವಾಗಿರುವಾಗ ಅದರ ತುದಿಯ ಮೊಗ್ಗು ಹಿಂದಿನ ಮೊಗ್ಗುಗಳನ್ನು ಅದುಮಿ ಮಲಗಿಸಿರುತ್ತದೆ. ತುದಿ ಮುರಿದರೆ ಹಿಂದಿನವು ಏಳುತ್ತವೆ. ಮೆಣಸಿನ ಗಿಡದ ಕುಡಿ ಚಿವುಟಿದರೆ ಪಕ್ಕದ ಕವಲುಗಳು ಒಡೆಯುವುದನ್ನು ನೀವು ನೋಡಿದ್ದೀರಿ. ನೆಲದಡಿಯಲ್ಲಿಯೂ ನಡೆಯುವುದು ಅದೇ. ಹತ್ತು ಗೆಣ್ಣುಗಳ ಒಂದು ಕಾಂಡದಿಂದ ಒಂದೋ ಎರಡೋ ಚಿಗುರು ಏಳುತ್ತಿದ್ದರೆ, ಅದನ್ನು ಹತ್ತು ತುಂಡು ಮಾಡಿದಾಗ ಹತ್ತು ಚಿಗುರು ಏಳುವ ಸಂಭವವಿರುತ್ತದೆ. ಆದ್ದರಿಂದಲೇ ಯೂರೋಪಿನಲ್ಲಿ ಗ್ರೌಂಡ್ ಎಲ್ಡರ್ ಇರುವ ಜಾಗದಲ್ಲಿ ರೋಟವೇಟರ್ ಹೊಡೆಯಬೇಡಿರೆಂದು ತೋಟದವರಿಗೆ ಮೊದಲ ಬುದ್ಧಿಮಾತಾಗಿ ಹೇಳುತ್ತಾರೆ.

ಕಳೆಯ ಜಮಾ ಖರ್ಚು

ಇಂತಹ ಕಳೆಯನ್ನು ಕೊಲ್ಲುವುದೆಂದರೆ ಅದರ ಉಗ್ರಾಣವನ್ನು ಬರಿದುಮಾಡುವುದು. ಇದನ್ನು ಒಂದು ಲೆಕ್ಕದ ಪುಸ್ತಕದಂತೆ ನೋಡಿದರೆ ಸುಲಭವಾಗಿ ಅರ್ಥವಾಗುತ್ತದೆ.

ಎಲೆಗಳು ಬಿಸಿಲಿನಲ್ಲಿ ಆಹಾರವನ್ನು ತಯಾರಿಸುತ್ತವೆ. ತನಗೆ ಬೇಕಾದಷ್ಟು ಬಳಸಿ ಉಳಿದುದನ್ನು ಗಿಡ ನೆಲದಡಿಯ ಕಾಂಡಕ್ಕೆ ಕಳುಹಿಸಿ ಕೂಡಿಡುತ್ತದೆ. ಇದು ಜಮಾ. ಮೇಲಿನ ಗಿಡವನ್ನು ನಾವು ಕತ್ತರಿಸಿದಾಗ ಹೊಸ ಚಿಗುರನ್ನು ಕಳುಹಿಸಲು ಆ ಸಂಗ್ರಹದಿಂದಲೇ ಆಹಾರವನ್ನು ತೆಗೆಯಬೇಕು. ಇದು ಖರ್ಚು. ಚಿಗುರು ಮಣ್ಣಿನಿಂದ ಎದ್ದು, ಎಲೆ ಬಿಚ್ಚಿ, ತಾನೇ ಸಂಪಾದಿಸುವಷ್ಟು ದೊಡ್ಡದಾಗುವವರೆಗೂ ಖರ್ಚೇ ಹೆಚ್ಚು. ಎಲೆ ಬಲಿತ ಮೇಲೆ ಮತ್ತೆ ಜಮಾ ಆರಂಭವಾಗುತ್ತದೆ.

ಈಗ ಯೋಚಿಸಿ. ಒಮ್ಮೆ ಕಳೆ ತೆಗೆದು ಮೂರು ತಿಂಗಳು ಸುಮ್ಮನಿದ್ದರೆ ಏನಾಗುತ್ತದೆ? ಗಿಡ ಸ್ವಲ್ಪ ಖರ್ಚು ಮಾಡಿ ಚಿಗುರಿ, ಉಳಿದ ಕಾಲದಲ್ಲಿ ಅದರ ಹಲವು ಪಾಲು ಗಳಿಸಿ ಕೂಡಿಟ್ಟಿರುತ್ತದೆ. ನಮ್ಮ ಕೂಲಿ ವ್ಯರ್ಥ. ಅದೇ ಕೆಲಸವನ್ನು ಎಲೆ ಬಲಿಯುವ ಮೊದಲೇ, ಬಿಡದೆ ಮತ್ತೆ ಮತ್ತೆ ಮಾಡಿದರೆ ಗಿಡಕ್ಕೆ ಖರ್ಚೇ ಹೊರತು ಗಳಿಕೆಯಿಲ್ಲ. ಒಂದು ದಿನ ಉಗ್ರಾಣ ಬರಿದಾಗಲೇಬೇಕು. ಹೆಚ್ಚು ಜನ ಸೋಲುವುದು ಶ್ರಮ ಕಡಿಮೆಯಾಗಿ ಅಲ್ಲ, ಎರಡು ಕಳೆ ಕೀಳುವಿಕೆಗಳ ನಡುವಿನ ಅಂತರ ಹೆಚ್ಚಾಗಿ.

ಅಲ್ಲಿನ ಜನ ಏನು ಮಾಡುತ್ತಾರೆ?

ಗ್ರೌಂಡ್ ಎಲ್ಡರನ್ನು ಹತೋಟಿಗೆ ತರಲು ಯೂರೋಪಿನ ತೋಟದವರು ಬಳಸುವ ಕ್ರಮಗಳೆಲ್ಲವೂ ಮೇಲಿನ ಜಮಾ ಖರ್ಚಿನ ಲೆಕ್ಕವನ್ನೇ ಆಧರಿಸಿವೆ.

೧. ಹಲ್ಲುಗಳಿರುವ ಫೋರ್ಕಿನಿಂದ ಅಗೆಯುವುದು: ಸನಿಕೆ ಕಾಂಡವನ್ನು ಕತ್ತರಿಸುತ್ತದೆ, ಫೋರ್ಕ್ ಮಣ್ಣನ್ನು ಸಡಿಲಿಸಿ ಎತ್ತುತ್ತದೆ. ಮಣ್ಣು ಉದುರಿಸಿ ಬಿಳಿಯ ಕಾಂಡಗಳನ್ನು ಉದ್ದಕ್ಕೆ ಬಿಡಿಸಿ ತೆಗೆಯುತ್ತಾರೆ. ಉಳಿದ ತುಂಡುಗಳು ಚಿಗುರಿದಂತೆಲ್ಲ ಮತ್ತೆ ಅಗೆದು ತೆಗೆಯುತ್ತಾರೆ. ಕಾಂಡಗಳ ಹೆಚ್ಚಿನ ಭಾಗ ಮೇಲ್ಮಣ್ಣಿನಲ್ಲೇ ಇರುವುದರಿಂದ ಸಣ್ಣ ಜಾಗದಲ್ಲಿ ಇದು ಸಾಧ್ಯ.

೨. ಕತ್ತಲೆಯಲ್ಲಿಡುವುದು: ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿ ಕಪ್ಪು ಪಾಲಿಥೀನ್ ಹಾಳೆಯಿಂದ ಮುಚ್ಚಿ ಅಂಚುಗಳನ್ನು ಮಣ್ಣಿನಲ್ಲಿ ಹೂಳುತ್ತಾರೆ. ಬೆಳಕಿಲ್ಲದೆ ಎಲೆಗೆ ಗಳಿಕೆಯಿಲ್ಲ. ಆದರೆ ಒಂದೆರಡು ತಿಂಗಳು ಸಾಲದು, ಕನಿಷ್ಠ ಎರಡು ಬೆಳೆಗಾಲವಾದರೂ ಮುಚ್ಚಿಡಬೇಕಾಗುತ್ತದೆ. ಬೇಸರಪಟ್ಟು ನಡುವೆ ತೆಗೆದರೆ ಮೊದಲಿನಿಂದ ಆರಂಭ.

೩. ಹುಲ್ಲುಹಾಸು ಮಾಡುವುದು: ಪೂರ್ತಿ ಜಾಗವನ್ನು ಕೆಲವು ವರ್ಷ ಹುಲ್ಲಿಗೆ ಬಿಟ್ಟು ಆಗಾಗ ಯಂತ್ರದಿಂದ ಕತ್ತರಿಸುತ್ತಾರೆ. ಎಲೆಗಳು ಪದೇ ಪದೇ ಹೋಗುವುದರಿಂದ ಕಳೆ ಸೊರಗುತ್ತದೆ.

೪. ಬೇಕಾದ ಗಿಡಗಳನ್ನು ಎತ್ತಿ ತೊಳೆಯುವುದು: ಕಳೆಯ ಕಾಂಡ ಹೂಗಿಡಗಳ ಬೇರಿನೊಳಗೆ ಹೆಣೆದುಕೊಂಡಿರುತ್ತದೆ. ಅಂತಹ ಗಿಡವನ್ನು ಎತ್ತಿ, ಬೇರಿನ ಮಣ್ಣನ್ನೆಲ್ಲ ನೀರಿನಲ್ಲಿ ತೊಳೆದು, ಬಿಳಿಯ ಎಳೆಗಳನ್ನು ಒಂದೊಂದಾಗಿ ಆರಿಸಿ, ಶುದ್ಧವಾದ ಜಾಗದಲ್ಲಿ ನೆಡುತ್ತಾರೆ.

೫. ಕಳೆನಾಶಕ: ಎಲೆಯ ಮೂಲಕ ಒಳಹೊಕ್ಕು ಗಿಡದೊಳಗೆ ಸಾಗುವ ಗ್ಲೈಫೋಸೇಟಿನಂತಹ ಔಷಧಿಯನ್ನೂ ಬಳಸುವುದುಂಟು. ಇಲ್ಲಿ ಸಮಯ ಮುಖ್ಯ. ಎಳೆ ಚಿಗುರಿನ ಕಾಲದಲ್ಲಿ ಆಹಾರ ಕೆಳಗಿನಿಂದ ಮೇಲಕ್ಕೆ ಹರಿಯುತ್ತಿರುತ್ತದೆ, ಆಗ ಸಿಂಪಡಿಸಿದರೆ ಎಲೆ ಸುಟ್ಟರೂ ಕೆಳಗಿನ ಕಾಂಡಕ್ಕೆ ಔಷಧಿ ಸಾಕಷ್ಟು ಇಳಿಯುವುದಿಲ್ಲ. ಎಲೆಗಳು ಪೂರ್ತಿ ಬಿಚ್ಚಿ ಆಹಾರವನ್ನು ಕೆಳಕ್ಕೆ ಕಳುಹಿಸುವಾಗ ಮಾತ್ರ ಔಷಧಿಯೂ ಅದರೊಡನೆ ಇಳಿಯುತ್ತದೆ.

ಒಂದು ಅಂಶವನ್ನು ಗಮನಿಸಿ. ತಂಪು ಮತ್ತು ತೇವದ ಆ ನಾಡಿನಲ್ಲಿ ಕಿತ್ತು ಹಾಕಿದ ಕಾಂಡ ನೆಲದ ಮೇಲೆಯೇ ಮತ್ತೆ ಬೇರು ಬಿಡಬಲ್ಲದು. ಒಣಗಿಸಿ ಕೊಲ್ಲಲು ಬೇಕಾದ ಬಿಸಿಲು ಅವರಿಗೆ ಎಂದೋ ಒಮ್ಮೆ. ನಮಗೋ ಪ್ರತಿವರ್ಷ ತಿಂಗಳುಗಟ್ಟಲೆ ಪುಕ್ಕಟೆಯಾಗಿ ಸಿಗುತ್ತದೆ. ಈ ವ್ಯತ್ಯಾಸದಲ್ಲಿಯೇ ನಮ್ಮ ಪಾಠ ಅಡಗಿದೆ.

ನಮ್ಮ ಕೊನ್ನಾರಿ, ಗರಿಕೆಗಳಿಗೆ ಬಂದರೆ

ಕೊನ್ನಾರಿ ಅಥವಾ ಜೇಕು ಬೇರೆ ಕುಟುಂಬದ ಕಳೆ. ಆದರೆ ಬದುಕುವ ಕ್ರಮ ಒಂದೇ. ನೆಲದಡಿಯಲ್ಲಿ ಸಣ್ಣ ತಂತಿಯಂತಹ ಕಾಂಡ, ಆ ತಂತಿಯಲ್ಲಿ ಜಪಮಣಿಗಳಂತೆ ಪೋಣಿಸಿದ ಗಡ್ಡೆಗಳು. ಈ ಗಡ್ಡೆಯನ್ನೇ ಭದ್ರಮುಷ್ಟಿ ಎಂದು ನಾಟಿ ಔಷಧಿಗೆ ಬಳಸುತ್ತಾರೆ. ಮದ್ದೂ ಹೌದು, ಮಾರಿಯೂ ಹೌದು. ಗ್ರೌಂಡ್ ಎಲ್ಡರ್‌ನ ಕಥೆಯೇ. ಒಂದೊಂದು ಗಡ್ಡೆಯಲ್ಲಿಯೂ ಹಲವು ಮೊಗ್ಗುಗಳಿರುತ್ತವೆ. ಒಂದು ಚಿಗುರನ್ನು ಕಿತ್ತರೆ ಇನ್ನೊಂದು ಮೊಗ್ಗು ಏಳುತ್ತದೆ. ಸರ ಅಖಂಡವಾಗಿರುವಾಗ ಹಿಂದಿನ ಗಡ್ಡೆಗಳು ಮಲಗಿರುತ್ತವೆ, ಸರ ಕಡಿದಾಗ ಎಲ್ಲವೂ ಸ್ವತಂತ್ರವಾಗಿ ಏಳುತ್ತವೆ.

ಈಗ ಆರಂಭದ ಪ್ರಶ್ನೆಗೆ ಉತ್ತರ ಸಿಕ್ಕಿತು. ಮುಂಗಾರಿನ ಹದವಾದ ತೇವದಲ್ಲಿ ರೋಟವೇಟರ್ ಹೊಡೆದರೆ ಅದು ಸರವನ್ನು ಕಡಿದು, ಗಡ್ಡೆಗಳನ್ನು ಹೊಲದ ತುಂಬ ಹರಡಿ, ಮೇಲೆ ಪುಡಿಮಣ್ಣು ಮುಚ್ಚುತ್ತದೆ. ಅರಿಶಿಣವನ್ನು ನಾವು ನೆಡುವುದೂ ಹೀಗೆಯೇ ಅಲ್ಲವೇ? ಯಂತ್ರದ ಬಾಡಿಗೆ ಕೊಟ್ಟು ಕೊನ್ನಾರಿಯನ್ನು ಬಿತ್ತಿದಂತಾಯಿತು.

ಅದೇ ಗಡ್ಡೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮೇಲೆ ಬಿದ್ದರೆ ಕಥೆಯೇ ಬೇರೆ. ಕೊನ್ನಾರಿ ಗಡ್ಡೆಗೆ ತೇವ ಆರಿಹೋಗುವುದನ್ನು ತಡೆಯುವ ಶಕ್ತಿಯಿಲ್ಲ. ಒಳಗಿನ ನೀರು ಒಂದು ಮಿತಿಗಿಂತ ಕಡಿಮೆಯಾದರೆ ಮೊಗ್ಗುಗಳು ಸಾಯುತ್ತವೆ. ಸರಕ್ಕೆ ಅಂಟಿಕೊಂಡು ಆಳದ ತೇವದ ಸಂಪರ್ಕದಲ್ಲಿರುವ ಗಡ್ಡೆ ಬದುಕುತ್ತದೆ, ಸರದಿಂದ ಬೇರ್ಪಟ್ಟು ಹೆಂಟೆಯೊಡನೆ ಮೇಲೆ ಬಂದದ್ದು ಒಣಗುತ್ತದೆ. ಆದುದರಿಂದ ಹಿರಿಯರು ಮಾಡುತ್ತಿದ್ದ ಮಾಗಿ ಉಳುಮೆಗೆ ವಿಜ್ಞಾನದ ಬೆಂಬಲವಿದೆ. ತುಂಡರಿಸುವುದು ಒಂದೇ ಕೆಲಸ. ತೇವದಲ್ಲಿ ಮಾಡಿದರೆ ಕಳೆ ಹೆಚ್ಚುತ್ತದೆ, ಒಣ ಬಿಸಿಲಿನಲ್ಲಿ ಮಾಡಿದರೆ ಕಳೆ ಸಾಯುತ್ತದೆ.

ಇನ್ನೊಂದು ವ್ಯತ್ಯಾಸವೂ ನಮಗೆ ಅನುಕೂಲವಾಗಿದೆ. ಗ್ರೌಂಡ್ ಎಲ್ಡರ್ ನೆರಳಿಗೆ ಹೆದರುವುದಿಲ್ಲ. ನಮ್ಮ ಕೊನ್ನಾರಿ, ಗರಿಕೆಗಳು ನೆರಳಿನಲ್ಲಿ ಸೊರಗುತ್ತವೆ. ಬೇಗ ಬೆಳೆದು ನೆಲ ಮುಚ್ಚುವ ಬೆಳೆ ಅವುಗಳಿಗೆ ಶತ್ರು. ಒಟ್ಟಿನಲ್ಲಿ ಕಳೆ ತನ್ನ ಆಹಾರವನ್ನು ಎಲ್ಲಿ ಕೂಡಿಡುತ್ತದೆ, ಯಾವಾಗ ಖರ್ಚು ಮಾಡುತ್ತದೆ, ಯಾವುದಕ್ಕೆ ಹೆದರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದರೆ ಅದನ್ನು ಗೆಲ್ಲುವ ದಾರಿ ತಿಳಿದಂತೆ.

ರೈತರು ಅನುಸರಿಸಬೇಕಾದ ಕ್ರಮಗಳು

೧. ಬೆಳೆ ಕಟಾವಾದ ಮೇಲೆ, ಬೇಸಿಗೆಯಲ್ಲಿ, ನೆಲವನ್ನು ಮಗುಚುವ ನೇಗಿಲಿನಿಂದ ಆಳವಾಗಿ ಉಳುಮೆ ಮಾಡಿ ಹೆಂಟೆಗಳನ್ನು ಒಡೆಯದೆ ಬಿಸಿಲಿಗೆ ಬಿಡಬೇಕು. ಎರಡು ಮೂರು ವಾರ ಬಿಟ್ಟು ಅಡ್ಡಲಾಗಿ ಮತ್ತೊಮ್ಮೆ ಉತ್ತರೆ ಕೆಳಗೆ ಉಳಿದ ಗಡ್ಡೆಗಳೂ ಮೇಲೆ ಬರುತ್ತವೆ.

೨. ನಡುವೆ ಮಳೆ ಬಿದ್ದು ನೆಲ ನೆನೆದರೆ ಗಡ್ಡೆಗಳು ಚಿಗುರುತ್ತವೆ. ಗಾಬರಿಯಾಗಬೇಕಾಗಿಲ್ಲ. ಚಿಗುರುವುದೆಂದರೆ ಖರ್ಚು. ಎಲೆ ಬಲಿಯುವ ಮುನ್ನ ಕುಂಟೆ ಹೊಡೆಯಬೇಕು.

೩. ಉತ್ತ ನೆಲದಲ್ಲಿ ಗರಿಕೆ ಮತ್ತು ದರ್ಭೆಯ ಜಡೆಗಳನ್ನು ಕೈಯಿಂದ ಆರಿಸಿ ಬದುವಿನ ಮೇಲೆ ಹಸಿಯಾಗಿ ಎಸೆಯಬಾರದು. ಬಂಡೆಯ ಮೇಲೆ ಅಥವಾ ಕಣದಲ್ಲಿ ಹರಡಿ, ಮುರಿದರೆ ಪಟ್ಟೆಂದು ಶಬ್ದ ಬರುವವರೆಗೆ ಒಣಗಿಸಬೇಕು. ಹಸಿ ಜಡೆಗಳನ್ನು ತಿಪ್ಪೆಗುಂಡಿಗೆ ಹಾಕಿದರೆ ಗೊಬ್ಬರದೊಡನೆ ಅವು ಮತ್ತೆ ಹೊಲಕ್ಕೆ ಬರುತ್ತವೆ.

೪. ಕೊನ್ನಾರಿ ಇರುವ ಹೊಲದಲ್ಲಿ ತೇವವಿರುವಾಗ ರೋಟವೇಟರ್ ಬಳಸಬಾರದು. ಅಂತಹ ಹೊಲದಲ್ಲಿ ಕೆಲಸ ಮಾಡಿ ಬಂದ ಯಂತ್ರ, ಕುಂಟೆ, ನೇಗಿಲುಗಳ ಮಣ್ಣನ್ನು ಕೆರೆದು ತೆಗೆದ ಮೇಲೆಯೇ ಶುದ್ಧವಾದ ಹೊಲಕ್ಕೆ ಇಳಿಸಬೇಕು.

೫. ಬಿತ್ತಿದ ಮೇಲೆ ಕಳೆ ಕೀಳುವಿಕೆಗಳ ನಡುವಿನ ಅಂತರ ಎರಡರಿಂದ ಮೂರು ವಾರ ಮೀರದಂತೆ ನೋಡಿಕೊಳ್ಳಬೇಕು. ಕೊನ್ನಾರಿ ಚಿಗುರಿದ ಕೆಲವೇ ವಾರಗಳಲ್ಲಿ ಹೊಸ ಗಡ್ಡೆ ಕಟ್ಟಲು ತೊಡಗುತ್ತದೆ. ಹೊಸ ಗಡ್ಡೆ ಕಟ್ಟಿದ ಮೇಲೆ ಕಿತ್ತರೆ ಲಾಭ ಅತ್ಯಲ್ಪ.

೬. ಹೊಲ ತುಂಬ ಹಾಳಾಗಿದ್ದರೆ ಒಂದು ಹಂಗಾಮಿನಲ್ಲಿ ಸೆಣಬು, ಅಲಸಂದೆಗಳಂತಹ ದಟ್ಟವಾಗಿ ಬೆಳೆಯುವ ಬೆಳೆಯನ್ನು ಒತ್ತಾಗಿ ಬಿತ್ತಿ ನೆರಳು ಮಾಡಬೇಕು. ಸೆಣಬನ್ನು ಹಸಿರೆಲೆ ಗೊಬ್ಬರವಾಗಿ ಮಣ್ಣಿಗೆ ಸೇರಿಸಿದರೆ ನೆಲಕ್ಕೂ ಬಲ ಬರುತ್ತದೆ.

೭. ಪ್ಲಾಸ್ಟಿಕ್ ಹೊದಿಕೆಯಿಂದ ಕೊನ್ನಾರಿ ನಿಂತೀತೆಂದು ನಂಬಬಾರದು. ಅದರ ಚೂಪಾದ ಮೊಳಕೆ ತೆಳುವಾದ ಹಾಳೆಯನ್ನು ತೂತುಮಾಡಿ ಮೇಲೇಳುತ್ತದೆ. ಹಾಳೆ ಹಾಸುವ ಮೊದಲೇ ಗಡ್ಡೆಗಳನ್ನು ಕಡಿಮೆ ಮಾಡಿಕೊಳ್ಳಬೇಕು.

೮. ಕಳೆನಾಶಕ ಬಳಸುವುದಾದರೆ ನಿಮ್ಮ ಬೆಳೆಗೆ ಶಿಫಾರಸು ಇದೆಯೇ, ಬಳಕೆಗೆ ಸರ್ಕಾರದ ನಿಯಮವೇನು ಎಂಬುದನ್ನು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಡಬ್ಬಿಯ ಮೇಲಿನ ಸೂಚನೆಯಂತೆಯೇ ಬಳಸಬೇಕು. ಪಕ್ಕದ ಹೊಲದವರ ಮಾತು ಕೇಳಿ ಪ್ರಮಾಣ ಹೆಚ್ಚಿಸಬಾರದು.

ಗಿಡ ಮನೆಗೆ ಬರುವ ಮುನ್ನ

ಇಷ್ಟೆಲ್ಲ ಕಷ್ಟದ ಮೂಲ ಗಿಡ ಹೊಸ್ತಿಲು ದಾಟಿ ಒಳಬಂದ ಆ ಒಂದು ಗಳಿಗೆಯಲ್ಲಿದೆ. ಗ್ರೌಂಡ್ ಎಲ್ಡರ್ ಒಂದು ಮನೆಯಿಂದ ಇನ್ನೊಂದು ಮನೆಗೆ ಹೆಚ್ಚಾಗಿ ಹೋದದ್ದು ಗಾಳಿಯಿಂದಲೂ ಅಲ್ಲ, ಹಕ್ಕಿಯಿಂದಲೂ ಅಲ್ಲ. ನೆರೆಯವರು ಪ್ರೀತಿಯಿಂದ ಕೊಟ್ಟ ಹೂಗಿಡದ ಬುಡದ ಮಣ್ಣಿನಲ್ಲಿ. ನಮ್ಮಲ್ಲಿಯೂ ತೆಂಗಿನ, ಅಡಿಕೆಯ, ಹೂವಿನ ಸಸಿಗಳ ಪ್ಲಾಸ್ಟಿಕ್ ಚೀಲದ ಮಣ್ಣಿನೊಡನೆ ಕೊನ್ನಾರಿ ಗಡ್ಡೆಗಳೂ, ಗುಲಾಬಿ ಹೂವಿನ ಮೂರೆಲೆಯ ಹುಳಿಸೊಪ್ಪಿನ ಸಣ್ಣ ಗಡ್ಡೆಗಳೂ ತೋಟಕ್ಕೆ ಬರುತ್ತವೆ.

ಸಸಿ ಕೊಳ್ಳುವಾಗ ಚೀಲದ ಮೇಲ್ಮಣ್ಣನ್ನು ಬೆರಳಿನಿಂದ ಕೆದಕಿ ನೋಡಿ. ಕಳೆಯ ಚಿಗುರು ಕಂಡರೆ ಅಂತಹ ಸಸಿಯನ್ನು ಬಿಡಿ. ತಂದ ಸಸಿಯನ್ನು ಕೂಡಲೇ ನೆಡದೆ ಎರಡು ಮೂರು ವಾರ ಬೇರೆ ಕಡೆ ಇಟ್ಟು, ನೀರು ಹಾಕಿ, ಮಣ್ಣಿನಿಂದ ಏನು ಏಳುತ್ತದೆಂದು ಗಮನಿಸಿ. ಕೊಳ್ಳುವ ಕೊಟ್ಟಿಗೆ ಗೊಬ್ಬರಕ್ಕೂ, ಕೆರೆಯ ಗೋಡುಮಣ್ಣಿಗೂ ಈ ಪರೀಕ್ಷೆಯನ್ನು ಮಾಡಬಹುದು. ಒಂದು ಬುಟ್ಟಿ ಗೊಬ್ಬರವನ್ನು ನೆನೆಸಿ ಇಟ್ಟರೆ ಗಾಡಿ ಗೊಬ್ಬರದ ಗುಣ ತಿಳಿಯುತ್ತದೆ.

ಹೊರದೇಶದಲ್ಲಿ ನೆಲೆಸಿರುವ ನಿಮ್ಮ ಮಕ್ಕಳು, ಬಂಧುಗಳು ಊರಿಗೆ ಬರುವಾಗ ಅಲ್ಲಿನ ಚೆಂದದ ಗಿಡವೊಂದರ ತುಂಡನ್ನೋ ಗಡ್ಡೆಯನ್ನೋ ತರಬಯಸಿದರೆ ಬೇಡವೆನ್ನಿ. ೨೦೦೩ರ ಸಸ್ಯ ಸಂಗರೋಧ ಆದೇಶದಂತೆ ಪರವಾನಗಿ ಮತ್ತು ಆರೋಗ್ಯ ಪ್ರಮಾಣಪತ್ರವಿಲ್ಲದೆ ಗಿಡಗಳನ್ನು ದೇಶದೊಳಕ್ಕೆ ತರುವಂತಿಲ್ಲ. ಆ ಕಾನೂನು ಯಾಕೆ ಬೇಕು ಎಂಬುದಕ್ಕೆ ಲಂಟಾನ ತುಂಬಿದ ನಮ್ಮ ಕಾಡುಗಳೇ ಸಾಕ್ಷಿ.

ಜೆರಾರ್ಡ್ ಬರೆದ ದೂರಿಗೆ ನಾಲ್ಕು ಶತಮಾನಗಳು ಕಳೆದರೂ ಯೂರೋಪಿನ ತೋಟಗಾರನಿಗೆ ಈ ಕಳೆಯಿಂದ ಬಿಡುಗಡೆಯಾಗಿಲ್ಲ. ನಮ್ಮ ಹೊಲಗಳಲ್ಲಿ ಕೊನ್ನಾರಿಯೂ ಒಂದೇ ವರ್ಷದಲ್ಲಿ ಹೋಗಲಾರದು. ಆದರೆ ಬೇಸಿಗೆಯ ಬಿಸಿಲನ್ನು ವ್ಯರ್ಥಮಾಡದೆ, ಕಳೆಯ ಜಮಾ ಖರ್ಚಿನ ಲೆಕ್ಕವನ್ನು ಮರೆಯದೆ, ಬಿಡದೆ ಎರಡು ಮೂರು ವರ್ಷ ದುಡಿದವರ ಹೊಲದಲ್ಲಿ ಅದು ಗಣನೀಯವಾಗಿ ತಗ್ಗುತ್ತದೆ. ಈ ಬಾರಿಯ ಕಟಾವು ಮುಗಿದ ಕೂಡಲೇ ಹೊಲದ ಒಂದು ಮೂಲೆಯಲ್ಲಿ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಅರ್ಧ ಅಡಿ ಆಳ ಅಗೆದು, ಸಿಕ್ಕ ಗಡ್ಡೆಗಳನ್ನು ಎಣಿಸಿ ಬರೆದಿಡಿ. ಮುಂದಿನ ವರ್ಷ ಅದೇ ಮೂಲೆಯಲ್ಲಿ ಮತ್ತೆ ಎಣಿಸಿ. ನಿಮ್ಮ ಶ್ರಮ ಸರಿಯಾದ ದಾರಿಯಲ್ಲಿದೆಯೇ ಎಂಬುದನ್ನು ಆ ಎರಡು ಅಂಕಿಗಳೇ ಹೇಳುತ್ತವೆ.